ಖಜಾಂಚಿಯ ಐದು ಸಾವಿರ ದಿನಗಳು

ಜಯಕರ ಎಂದು ಇಲ್ಲಿ ಕರೆಯುತ್ತಿರುವ ವ್ಯಕ್ತಿಗೆ ಐವತ್ತಾರು ವರ್ಷ. ಡೊಂಬಿವಲಿ ಪೂರ್ವದಲ್ಲಿ ಮನೆ, ದಕ್ಷಿಣ ಮುಂಬಯಿಯ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಮನೆಮಾತು ತುಳು, ಆರಾಧನೆಯ ಭಾಷೆ ಕನ್ನಡ. ಮಂಗಳೂರು ಕಡೆಯ ಪ್ರಾಟೆಸ್ಟೆಂಟ್ ಕುಟುಂಬಗಳಲ್ಲಿ ಇದು ಸಾಮಾನ್ಯ. ಗುರುತು ಹತ್ತದಂತೆ ಹೆಸರು ಮತ್ತು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರೂ ಅವರ ಪತ್ನಿಯೂ ಒಪ್ಪಿದ್ದಾರೆ.

ದಾದರಿನಲ್ಲಿ ನಾನು ಆಪ್ತಸಲಹೆ ನೀಡುವ ಕೋಣೆಗೆ ಬಂದಾಗ ಅವರ ಕೈಯಲ್ಲಿ ದಪ್ಪನೆಯ ಡೈರಿ ಇತ್ತು. ದಿನವನ್ನು ಅರ್ಧರ್ಧ ಗಂಟೆಗಳಾಗಿ ಕತ್ತರಿಸಿ, ಕಚೇರಿಗೆ ನೀಲಿ, ಸಭೆಯ, ಅಂದರೆ ಚರ್ಚಿನ, ಕೆಲಸಕ್ಕೆ ಹಸಿರು, ಮನೆಗೆ ಕಪ್ಪು, ವ್ಯರ್ಥವಾದದ್ದಕ್ಕೆ ಕೆಂಪು ಎಂದು ಬಣ್ಣ ಹಂಚಿದ್ದರು. "ಮೇಡಂ, ಕೆಂಪು ಕಡಿಮೆಯಾಗುತ್ತಲೇ ಇಲ್ಲ. ಒಂದು ಒಳ್ಳೆಯ ವೇಳಾಪಟ್ಟಿ ಹಾಕಿಕೊಡಿ" ಎಂದರು. ಕೆಂಪಿನಲ್ಲಿ ಏನೇನಿದೆ ಎಂದು ನೋಡಿದೆ. ಲೋಕಲ್ ರೈಲಿನಲ್ಲಿ ತೂಕಡಿಸಿದ್ದು. ಕ್ಯಾಂಟೀನಿನಲ್ಲಿ ಹರಟಿದ್ದು. ಬೆಂಗಳೂರಿನಲ್ಲಿರುವ ಮಗಳು ಫೋನು ಮಾಡಿ ನಲವತ್ತು ನಿಮಿಷ ಮಾತನಾಡಿದ್ದು. ಕಪ್ಪಿನಲ್ಲಿದ್ದದ್ದು ಬಹುತೇಕ ಗ್ಯಾಸ್, ವಿದ್ಯುತ್ ಬಿಲ್ಲು, ಔಷಧಿ ಅಂಗಡಿ.

ಡೈರಿಯ ಕೊನೆಯ ಪುಟದಲ್ಲಿ ಒಂದು ಲೆಕ್ಕವಿತ್ತು. ಮನುಷ್ಯನ ಆಯುಸ್ಸು ಎಪ್ಪತ್ತು ವರ್ಷ, ಬಲವಿದ್ದರೆ ಎಂಬತ್ತು ಎನ್ನುತ್ತದೆ ಬೈಬಲಿನ ತೊಂಬತ್ತನೆಯ ಕೀರ್ತನೆ. ಎಪ್ಪತ್ತರಲ್ಲಿ ಐವತ್ತಾರು ಕಳೆದು, ಉಳಿದ ಹದಿನಾಲ್ಕನ್ನು ದಿನಗಳಿಗೆ ತಿರುಗಿಸಿ, ಅಧಿಕ ವರ್ಷಗಳನ್ನೂ ಬಿಡದೆ ಸೇರಿಸಿ, 5,113 ಎಂದು ಬರೆದು ಅಡಿಗೆರೆ ಎಳೆದಿದ್ದರು. ಪ್ರತಿ ರಾತ್ರಿ ಅದರಲ್ಲಿ ಒಂದನ್ನು ಹೊಡೆದುಹಾಕುತ್ತಿದ್ದರು. ನಮ್ಮ ದಿನಗಳನ್ನು ಎಣಿಸಲು ಕಲಿಸು ಎಂದು ಅದೇ ಕೀರ್ತನೆ ಬೇಡುತ್ತದಲ್ಲ, ತಾನು ಮಾಡುತ್ತಿರುವುದೂ ಅದನ್ನೇ ಎಂದು ಅವರ ವಾದ. ಎಣಿಕೆ ಅಲ್ಲಿಗೇ ನಿಲ್ಲುವುದಿಲ್ಲ, ಆ ಪ್ರಾರ್ಥನೆ ಜ್ಞಾನದ ಹೃದಯವನ್ನೂ ಕೇಳುತ್ತದೆ ಎಂದು ನಾನು ಆಗ ಹೇಳಲಿಲ್ಲ. ಮೊದಲ ಭೇಟಿಯಲ್ಲೇ ವಾಕ್ಯಕ್ಕೆ ವಾಕ್ಯ ಎದುರಿಟ್ಟರೆ ಬಂದವರು ವಾದದಲ್ಲಿ ಗೆದ್ದೋ ಸೋತೋ ಎದ್ದು ಹೋಗುತ್ತಾರೆ. ಈ ಲೆಕ್ಕ ಯಾವಾಗ ಶುರುವಾಯಿತು ಎಂದಷ್ಟೇ ಕೇಳಿದೆ.

ಹೋದ ಮಳೆಗಾಲದಲ್ಲಿ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ವರ್ಷಗಟ್ಟಲೆ ಒಂದೇ ಬೋಗಿಯಲ್ಲಿ ಹೋಗುತ್ತಿದ್ದ ಗೆಳೆಯರ ಗುಂಪೊಂದು ಇವರಿಗಿತ್ತು. ಅದರಲ್ಲಿ ಇವರಿಗಿಂತ ಒಂದು ವರ್ಷ ಚಿಕ್ಕವರಾಗಿದ್ದ ಮರಾಠಿ ಗೆಳೆಯರೊಬ್ಬರು ಒಂದು ಸೋಮವಾರ ಬರಲಿಲ್ಲ. ಹಿಂದಿನ ರಾತ್ರಿ ಹೃದಯಾಘಾತವಾಗಿತ್ತು. ಅದಾದ ಕೆಲವೇ ದಿನಗಳಲ್ಲಿ ಜಯಕರ ಬೇರೆ ಬೋಗಿ ಹಿಡಿಯಲು ಆರಂಭಿಸಿದರು. ಕಿವಿಗೆ ಇಯರ್‌ಫೋನ್, ಮೊಬೈಲಿನಲ್ಲಿ ಪ್ರಸಂಗ, ಅಂದರೆ ಧರ್ಮೋಪದೇಶ. ಒಂದೂವರೆ ಪಟ್ಟು ವೇಗದಲ್ಲಿ ಕೇಳಿದರೆ ಒಂದೂವರೆ ಗಂಟೆಯ ಪ್ರಸಂಗ ಒಂದು ಗಂಟೆಯಲ್ಲಿ ಮುಗಿಯುತ್ತದೆ ಎಂದು ವಿವರಿಸಿದರು. ಗೆಳೆಯರ ಮನೆಗೆ ಹೋಗಿ ಬಂದಿರಾ ಎಂದು ಕೇಳಿದೆ. "ಆಗಲಿಲ್ಲ ಮೇಡಂ. ಆ ವಾರ ಸಭೆಯಲ್ಲಿ ಉಜ್ಜೀವನ ಕೂಟಗಳಿದ್ದವು."

ಕಾಲದ ಬಗೆಗಿನ ಈ ಜಿಪುಣತನ ಒಂದೇ ವರ್ಷದಲ್ಲಿ ಹುಟ್ಟಿದ್ದಲ್ಲ. ಅವರ ಅಜ್ಜ ಮಂಗಳೂರಿನ ಜೆಪ್ಪುವಿನಲ್ಲಿ, ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆಯ ಗಂಟೆಗೆ ಎದ್ದು, ಚರ್ಚಿನ ಗಂಟೆಗೆ ಕೈಮುಗಿದ ಮನೆತನ. ತಂದೆ ಹದಿನಾರರ ಹುಡುಗನಾಗಿ ಮುಂಬಯಿಗೆ ಬಂದು, ಹಗಲು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಗುಮಾಸ್ತರಾದವರು. ಮುಂಬಯಿ ಕನ್ನಡಿಗರ ಒಂದು ತಲೆಮಾರು ಮೇಲೆ ಬಂದದ್ದೇ ಈ ರಾತ್ರಿ ಶಾಲೆಗಳಿಂದ. ಆ ಹೆಮ್ಮೆಯ ಇನ್ನೊಂದು ಮಗ್ಗುಲನ್ನು ಅವರ ಮಕ್ಕಳು ನನ್ನಂಥವರ ಮುಂದೆ ಮಾತ್ರ ಹೇಳಿಕೊಳ್ಳುತ್ತಾರೆ. ಆಟಕ್ಕೆ ಹೊರಟ ಮಗನಿಗೆ ತಂದೆ ಬೈಯುತ್ತಿರಲಿಲ್ಲವಂತೆ. "ನಿನಗೆ ಹಗಲಿನ ಶಾಲೆ ಸಿಕ್ಕಿದೆ" ಎನ್ನುತ್ತಿದ್ದರಂತೆ, ಅಷ್ಟೇ.

ಆ ತಂದೆಗೆ ಈಗ ಎಂಬತ್ತನಾಲ್ಕು. ಮೂರು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿದೆ, ಮಾತು ಹೆಚ್ಚುಕಡಿಮೆ ಹೋಗಿದೆ. ಹಗಲಿಗೊಬ್ಬ ಆಯಾ ಬರುತ್ತಾಳೆ. ಈ ವಿಷಯ ನನಗೆ ತಿಳಿದದ್ದು ಎರಡನೆಯ ಭೇಟಿಯ ಕೊನೆಯಲ್ಲಿ, ಅದೂ ಆಯಾಳ ಸಂಬಳದ ಮಾತು ಬಂದಾಗ.

ಜಯಕರ ಅವರ ವಾರ ಹೀಗಿತ್ತು. ಸಭೆಯ ಖಜಾಂಚಿ, ಸಂಡೇ ಸ್ಕೂಲಿನ ಮೇಲ್ವಿಚಾರಕ, ಗಾಯನ ಮಂಡಳಿಯಲ್ಲಿ ಬಾಸ್ ದನಿ. ಬುಧವಾರ ಬೈಬಲ್ ಅಧ್ಯಯನ, ಶುಕ್ರವಾರ ಮನೆಪ್ರಾರ್ಥನೆ, ಶನಿವಾರ ಆಸ್ಪತ್ರೆಯಲ್ಲಿ ರೋಗಿಗಳ ಭೇಟಿ. ಮುಂಬಯಿಯ ಕನ್ನಡ ಸಭೆಯೆಂದರೆ ಒಂದು ಕುಟುಂಬ ವಸಯಿಯಲ್ಲಿ, ಇನ್ನೊಂದು ಪನವೇಲಿನಲ್ಲಿ. ಪ್ರತಿ ಪ್ರಾರ್ಥನೆಗೂ ಇನ್ನೊಂದು ರೈಲು. ಭಾನುವಾರ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಮರಳುವಾಗ ರಾತ್ರಿ ಒಂಬತ್ತು.

ವೇಳಾಪಟ್ಟಿ ಹಾಕಿಕೊಡಲಿಲ್ಲ. ಇದ್ದ ಪಟ್ಟಿಯಲ್ಲೇ ಒಂದು ಹೊಸ ಅಂಕಣ ಎಳೆದು, ಪ್ರತಿ ಕೆಲಸದ ಎದುರಿಗೂ "ನಾನಿಲ್ಲದಿದ್ದರೆ ಇದನ್ನು ಯಾರು ಮಾಡುತ್ತಾರೆ?" ಎಂಬುದಕ್ಕೆ ಉತ್ತರ ಬರೆದು ತರಲು ಹೇಳಿದೆ. ಲೆಕ್ಕದವರಲ್ಲವೇ, ಅಚ್ಚುಕಟ್ಟಾಗಿ ಬರೆದು ತಂದರು. ಖಜಾಂಚಿ ಕೆಲಸಕ್ಕೆ ಇಬ್ಬರ ಹೆಸರು. ಸಂಡೇ ಸ್ಕೂಲಿಗೆ ಒಬ್ಬ ಶಿಕ್ಷಕಿ. ಆಸ್ಪತ್ರೆ ಭೇಟಿಗೆ ಐದಾರು ಮಂದಿ. ಮಗಳ ಫೋನಿನ ಎದುರು ಖಾಲಿ. ಪತ್ನಿಯ ಹೆಸರಿನ ಎದುರು ಖಾಲಿ. ತಂದೆಯ ಎದುರು "ಆಯಾ" ಎಂದಿತ್ತು.

"ಆಯಾ ಏನೇನು ಮಾಡುತ್ತಾಳೆ?"

"ಸ್ನಾನ, ಊಟ, ಮಾತ್ರೆ, ಬಟ್ಟೆ."

"ಅವಳಿಂದ ಆಗದ್ದು ಏನಾದರೂ ಉಳಿಯುತ್ತದೆಯೇ?"

ಉತ್ತರ ಬರಲು ಸ್ವಲ್ಪ ಹೊತ್ತಾಯಿತು. "ಹತ್ತಿರ ಕುಳಿತುಕೊಳ್ಳುವುದು. ಆದರೆ ಕುಳಿತು ಏನು ಪ್ರಯೋಜನ ಮೇಡಂ, ಅವರಿಗೆ ಮಾತು ಬರುವುದಿಲ್ಲ." ಡೈರಿಯ ಹಿಂದಿನ ಪುಟಗಳನ್ನು ತಿರುವಿದಾಗ ಒಂದು ಮಂಗಳವಾರದ ಸಾಲು ಸಿಕ್ಕಿತು: "ಅಪ್ಪನ ಕೋಣೆ, 20 ನಿಮಿಷ." ಕೆಂಪು ಶಾಯಿಯಲ್ಲಿ. ನಾನು ಅದರ ಮೇಲೆ ಬೆರಳಿಟ್ಟೆ. ಅವರು ನೋಡಿದರು, ಸಿಟ್ಟಾದರು. "ಹಾಗಾದರೆ ದೇವರ ಸೇವೆ ಬಿಟ್ಟು ಮನೆಯಲ್ಲಿ ಕುಳಿತಿರಲೇ?"

ಈಗ ವಾಕ್ಯ ತೆಗೆಯುವ ಹೊತ್ತು ಬಂದಿತ್ತು. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯ ಓದಲು ಹೇಳಿದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು, ಎಂದು ಹೇಳಿಬಿಟ್ಟರೆ ಮಗನಿಗೆ ಹೊಣೆಯಿಲ್ಲ ಎಂಬ ಪದ್ಧತಿಯನ್ನು ಯೇಸುಸ್ವಾಮಿ ಅಲ್ಲಿ ಖಂಡಿಸುತ್ತಾನೆ. ನಿಮ್ಮ ಸಂಪ್ರದಾಯದಿಂದ ದೇವರ ಆಜ್ಞೆಯನ್ನೇ ನಿರರ್ಥಕ ಮಾಡಿದ್ದೀರಿ ಎನ್ನುತ್ತಾನೆ. ಸಂಡೇ ಸ್ಕೂಲಿನಲ್ಲಿ ಈ ಪಾಠವನ್ನು ಜಯಕರ ಅವರೇ ಕಲಿಸಿದ್ದರು. "ಅಲ್ಲಿ ಹಣದ ಮಾತು ಮೇಡಂ" ಎಂದರು. ನಿಮ್ಮ ತಂದೆಗೆ ಈಗ ಹಣ ಬೇಕೇ ಎಂದೆ. ಗಟ್ಟಿಯಾಗಿಯೇ ಹೇಳಿದೆ, ಹಾಗೆಯೇ ಹೇಳಬೇಕಾಗಿತ್ತು. ಧಾರ್ಮಿಕ ಕೆಲಸದ ಹಿಂದೆ ಮರೆಯಾಗಿ ನಿಂತವರನ್ನು ಮೃದುಮಾತು ತಲುಪುವುದಿಲ್ಲ, ಏಕೆಂದರೆ ಸುತ್ತಲಿನವರೆಲ್ಲ ಅವರನ್ನು ಹೊಗಳುತ್ತಲೇ ಇರುತ್ತಾರೆ.

ಮುಂದಿನ ಭೇಟಿಗೆ ಅವರು ಬರಲಿಲ್ಲ. ವಾರ್ಷಿಕ ಲೆಕ್ಕ ತಪಾಸಣೆಯಿದೆ ಎಂಬ ಸಂದೇಶ ಬಂತು. ಕೆಲವು ವಾರಗಳ ನಂತರ ಬಂದಾಗ ಜೊತೆಯಲ್ಲಿ ಪತ್ನಿ ಇದ್ದರು. ಅವರನ್ನು ಸುಶೀಲ ಎನ್ನೋಣ.

ಗಂಡ ಮನೆಯಲ್ಲಿ ಹೆಚ್ಚು ಹೊತ್ತು ಇರಲಿ ಎಂದು ಈಕೆ ಕೇಳುತ್ತಾರೆಂದು ನಾನು ಎಣಿಸಿದ್ದೆ. ಸುಶೀಲ ತಲೆಯಾಡಿಸಿದರು. "ಅಕ್ಕ, ಇವರು ಮನೆಯಲ್ಲಿದ್ದರೆ ನನಗೇನೂ ಹಗುರವಾಗುವುದಿಲ್ಲ. ಬಸಳೆ ಸೋಸುವಾಗಲೂ ಗಡಿಯಾರ ನೋಡುತ್ತಾರೆ. ಇರುವ ಹೊತ್ತಿನಲ್ಲಿ ಇದ್ದರೆ ಸಾಕು." ಆಮೇಲೆ ಇನ್ನೊಂದು ಮಾತು ಹೇಳಿದರು. ಮಾವನ ಕೋಣೆಯ ಬಾಗಿಲವರೆಗೆ ಹೋಗಿ, ಹೊಸ್ತಿಲಲ್ಲಿ ನಿಂತು, ಹಾಗೆಯೇ ಹಿಂದಿರುಗುತ್ತಾರೆ. ರಾತ್ರಿ ಮೂರಕ್ಕೆ ಬೆವರಿ ಎದ್ದು ಕೂರುತ್ತಾರೆ.

ಆಗ ಜಯಕರ ಬಾಯಿಬಿಟ್ಟರು. ತಂದೆಯನ್ನು ನೋಡಿದರೆ ತನ್ನ ಮುಂದಿನ ದಿನಗಳೇ ಮಲಗಿರುವಂತೆ ಕಾಣುತ್ತದೆ. ಅತ್ತ ಗೆಳೆಯ ಒಂದೇ ರಾತ್ರಿಯಲ್ಲಿ ಹೋದ, ಇತ್ತ ಅಪ್ಪ ಮೂರು ವರ್ಷದಿಂದ ಹೀಗೆ. ಯಾವುದು ತನ್ನ ಪಾಲಿಗೆ ಎಂದು ಗೊತ್ತಿಲ್ಲ. ಡೈರಿ ತುಂಬಿದ್ದರೆ ಆ ಯೋಚನೆ ಬರುವುದಿಲ್ಲ.

ಸಲಹೆಯ ಭಾಗ ಇಲ್ಲಿಂದ ಶುರುವಾಯಿತು. ಮೊದಲ ಸಲಹೆ ಬೈಬಲಿನದ್ದಲ್ಲ: ವೈದ್ಯರನ್ನು ಕಾಣಿ. ನಡುರಾತ್ರಿಯ ಬೆವರು, ಎದೆಬಡಿತ, ಐದು ಗಂಟೆಗಿಂತ ಕಡಿಮೆ ನಿದ್ದೆ, ಇವನ್ನು ಆತಂಕವೆಂದು ನಾನೇ ತೀರ್ಮಾನಿಸುವಂತಿಲ್ಲ. ಪರೀಕ್ಷೆಯಲ್ಲಿ ರಕ್ತದೊತ್ತಡ ಹೆಚ್ಚಿರುವುದು ತಿಳಿದು ಮಾತ್ರೆ ಶುರುವಾಯಿತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪ್ರಾರ್ಥಿಸುವ ವ್ರತವನ್ನು ಸದ್ಯಕ್ಕೆ ಬಿಡಿ ಎಂದಾಗ ಹಿಂಜರಿದರು. ಬೇಗನೆ ಎದ್ದು, ತಡವಾಗಿ ಮಲಗಿ, ಕಷ್ಟದ ಅನ್ನ ಉಣ್ಣುವುದು ವ್ಯರ್ಥ ಎನ್ನುವ 127ನೆಯ ಕೀರ್ತನೆಯನ್ನು ನಿದ್ದೆಗೆಟ್ಟವರು ತಮ್ಮದೆಂದುಕೊಂಡು ಓದಬೇಕು.

ಖಜಾಂಚಿ ಹೊಣೆಯನ್ನು ಮಾರ್ಚ್ 31ಕ್ಕೆ, ಲೆಕ್ಕ ಮುಚ್ಚುವ ದಿನ, ಒಪ್ಪಿಸಿಬಿಡಿ ಎಂದೆ. ಅದಕ್ಕೆ ಮುಂಚೆ ಪಟ್ಟಿಯಲ್ಲಿ ಅವರೇ ಬರೆದ ಇಬ್ಬರಲ್ಲಿ ಕಿರಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ನ್ಯಾಯ ತೀರಿಸುತ್ತಿದ್ದ ಮೋಶೆಗೆ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದದ್ದು ಅವನ ಮಾವ ಇತ್ರೋ. ಜನರೂ ಬಳಲುತ್ತಾರೆ ಎಂಬುದನ್ನು ಗಮನಿಸಿ ಎಂದೆ: ಹತ್ತು ವರ್ಷ ಒಬ್ಬರೇ ಖಜಾಂಚಿಯಾಗಿದ್ದ ಸಭೆಯಲ್ಲಿ ಲೆಕ್ಕ ಬಲ್ಲ ಯುವಕರು ಬೆಳೆಯುವುದು ಹೇಗೆ? ಸಂಡೇ ಸ್ಕೂಲನ್ನು ಆ ಶಿಕ್ಷಕಿಗೆ ಬಿಡಿ. ಗಾಯನ ಮಂಡಳಿಯನ್ನು ಬಿಡಬೇಡಿ. ಅದನ್ನೂ ಬಿಡಲು ಅವರು ಸಿದ್ಧರಿದ್ದರು, ನಾನು ತಡೆದೆ. ಅವರ ಇಡೀ ವಾರದಲ್ಲಿ ಸಂತೋಷಕ್ಕಾಗಿ ಮಾಡುತ್ತಿದ್ದದ್ದು ಅದೊಂದೇ.

ಭಾನುವಾರದ ಬಗ್ಗೆ ದೀರ್ಘವಾಗಿ ಮಾತನಾಡಿದೆವು. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಆಜ್ಞೆ ಯಜಮಾನನಿಗೆ ಮಾತ್ರ ಹೇಳಿದ್ದಲ್ಲ. ಅವನ ದಾಸ, ದಾಸಿ, ದನಕರುಗಳಿಗೂ ವಿಶ್ರಾಂತಿ ಎನ್ನುತ್ತದೆ ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯ. ನಿಮ್ಮ ಆಯಾಳಿಗೆ ವಾರದ ರಜೆ ಯಾವ ದಿನ ಎಂದು ಕೇಳಿದೆ. ಗಂಡಹೆಂಡತಿ ಮುಖಮುಖ ನೋಡಿಕೊಂಡರು. ರಜೆ ಇರಲಿಲ್ಲ. ಹಾಗಾಗಿ ಮನೆಪಾಠ ಇಷ್ಟು: ಆರಾಧನೆ ಮುಗಿಸಿ ಮಧ್ಯಾಹ್ನ ಮನೆಗೆ ಬರುವುದು, ಆಯಾಳನ್ನು ಸಂಬಳ ಕಡಿಯದೆ ಕಳುಹಿಸುವುದು, ರಾತ್ರಿಯವರೆಗೆ ತಂದೆಯ ಕೆಲಸ ಮಗನದ್ದು. ಡೈರಿ ತೆರೆಯುವಂತಿಲ್ಲ.

ಮಾತು ಬಾರದವರ ಹತ್ತಿರ ಏನು ಮಾಡುವುದು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಲ್ಲಿ ಅನೇಕರಿಗೆ ಹಳೆಯ ಪರಿಚಿತ ಹಾಡುಗಳ ಪದಗಳು ರಾಗದ ಜೊತೆ ಬರುವುದುಂಟು. ಹಾಡಿನಲ್ಲಿ ಮಿದುಳಿನ ಬಲಭಾಗವೂ ಕೆಲಸ ಮಾಡುವುದು ಇದಕ್ಕೆ ಒಂದು ಕಾರಣ. ಎಲ್ಲರಿಗೂ ಬರುತ್ತದೆ ಎಂದಲ್ಲ. ತಂದೆ ಬಾಲ್ಯದಲ್ಲಿ ಕಲಿತ ಕನ್ನಡ ಕೀರ್ತನೆಗಳನ್ನು ನಿಧಾನವಾಗಿ ಹಾಡಿ ನೋಡಿ ಎಂದೆ. ಇಷ್ಟು ವರ್ಷ ಸಭೆಯಲ್ಲಿ ಹಾಡಿದವರು ಆ ಕೋಣೆಯಲ್ಲಿ ಒಮ್ಮೆಯೂ ಹಾಡಿರಲಿಲ್ಲ.

ಇನ್ನೊಂದು ಓದು ಕೊಟ್ಟೆ. ದಿನಗಳು ಕೆಟ್ಟವು, ಕಾಲವನ್ನು ಬೆಲೆಯುಳ್ಳದ್ದೆಂದು ಉಪಯೋಗಿಸಿಕೊಳ್ಳಿ ಎಂಬ ಪೌಲನ ಮಾತು ಅವರ ಮನೆಯ ಗೋಡೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದ ಆ ವಾಕ್ಯದಿಂದ ನಿಲ್ಲದೆ ಆರನೆಯದರ ಒಂಬತ್ತರವರೆಗೆ ಓದಿ, ಅಲ್ಲಿ ಬರುವ ಜನರ ಪಟ್ಟಿ ಮಾಡಿ ಎಂದೆ. ಕಾಲದ ಮಾತಾಡಿದ ಪೌಲ ಹಾಡಿನ ಮಾತಿಗೆ ಬರುತ್ತಾನೆ, ಅಲ್ಲಿಂದ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ, ದಾಸರು. ಖಜಾಂಚಿ ಬರುವುದಿಲ್ಲ.

ರೈಲಿನ ವಿಷಯದಲ್ಲಿ ಸಲಹೆ ಚಿಕ್ಕದು: ಹಳೆಯ ಬೋಗಿಗೆ ಮರಳಿ. ಹೋದ ಗೆಳೆಯನ ಬಗ್ಗೆ ಮಾತನಾಡಬಲ್ಲವರು ಇರುವುದು ಅಲ್ಲಿ.

ಫಲ ಹೇಗಾಯಿತು? ಅರ್ಧಂಬರ್ಧ. ಬೋಗಿಗೆ ಮರಳಿದರು, ಅಲ್ಲಿನವರು ಕೇಳಿದ್ದು "ಎಲ್ಲಿದ್ದೆ?" ಎಂದಷ್ಟೇ. ಎಲ್ಲರೂ ಸೇರಿ ಆ ಗೆಳೆಯನ ಮನೆಗೆ ಹೋಗಿ ಬಂದರು. ತಂದೆ ಎರಡನೆಯ ಭಾನುವಾರ ಒಂದು ಕೀರ್ತನೆಯ ಮೊದಲ ಸಾಲನ್ನು ಪೂರ್ತಿ ಹಾಡಿದರು. ಮೂರನೆಯ ಭಾನುವಾರ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು, ಮಗ ಸಿಡಿಮಿಡಿಗೊಂಡರು, ಸುಶೀಲ ಇಬ್ಬರನ್ನೂ ಗದರಿದರು. ಶುಕ್ರವಾರದ ಮನೆಪ್ರಾರ್ಥನೆ ತಿಂಗಳಿಗೊಮ್ಮೆ ಅವರದೇ ಮನೆಯಲ್ಲಿ, ತಂದೆಯ ಮಂಚದ ಸುತ್ತ ನಡೆಯುತ್ತಿದೆ. ಇದು ನಾನು ಕೊಟ್ಟ ಸಲಹೆಯಲ್ಲ, ಸುಶೀಲ ಅವರ ಏರ್ಪಾಡು.

ಖಜಾಂಚಿ ಪುಸ್ತಕ ಏಪ್ರಿಲ್‌ನಲ್ಲಿ ಕೈಬದಲಾಯಿತು. ಮೇ ತಿಂಗಳ ಸಭಾ ಸಮಿತಿಯಲ್ಲಿ ಕಟ್ಟಡ ನಿಧಿಯ ಸಂಚಾಲಕರಾಗಿ ಎಂದು ಯಾರೋ ಹೆಸರು ಸೂಚಿಸಿದರು, ಇವರು ಒಪ್ಪಿಕೊಂಡು ಬಂದರು. ಸುಶೀಲ ಅದೇ ರಾತ್ರಿ ನನಗೆ ಫೋನು ಮಾಡಿದರು. ಒಪ್ಪಿದ್ದನ್ನು ಹಿಂತೆಗೆದುಕೊಳ್ಳುವುದು ಅವಮಾನವೆಂದು ಜಯಕರ ವಾದಿಸುತ್ತಿದ್ದಾರೆ. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದು ಶಿಷ್ಯರು ಹೇಳಿದಾಗ ಯೇಸು ಬೇರೆ ಊರಿಗೆ ಹೊರಟ ಪ್ರಸಂಗ ಮಾರ್ಕನ ಮೊದಲ ಅಧ್ಯಾಯದಲ್ಲೇ ಇದೆ. ಅದನ್ನು ಓದಿಕೊಂಡು ಬನ್ನಿ ಎಂದಿದ್ದೇನೆ. ಮುಂದಿನ ಭೇಟಿ ಗುರುವಾರ, ಮತ್ತು ಸಮಿತಿಯ ಕಾರ್ಯದರ್ಶಿಗೆ ಬರೆಯಬೇಕಾದ ಪತ್ರದ ಕರಡನ್ನು ಅವರೇ ತರಬೇಕು.