108 ಅಂಕಕ್ಕೆ 92 ಹೇಗೆ ಬಂತು?

ಹಾಸನದ ಓದುಗರೊಬ್ಬರ ಪತ್ರ: "ಮಗಳು ಜನವರಿಯಲ್ಲಿ ಜೆಇಇ ಮೇನ್ ಬರೆದಳು. ಸ್ಕೋರ್ ಕಾರ್ಡ್‌ನಲ್ಲಿ 92.6 ಅಂತ ಬಂತು. ನಮ್ಮ ಭಾವ 'ಶೇ. 92' ಅಂತ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಟ್ಟರು. ಕೀ ಉತ್ತರ ಹಿಡಿದು ಲೆಕ್ಕ ಹಾಕಿದರೆ 300ಕ್ಕೆ 108 ಮಾತ್ರ. ಅವಳ ಗೆಳತಿಗೆ 114 ಬಂದರೂ ಪರ್ಸೆಂಟೈಲ್ ಕಡಿಮೆ. ಇದೇನು ಲೆಕ್ಕ? ಏಪ್ರಿಲ್‌ನಲ್ಲಿ ಮತ್ತೆ ಬರೆಸಬೇಕಾ?"

ಈ ಗೊಂದಲಕ್ಕೆ ಪತ್ರಿಕೆಯವರಾದ ನಾವೂ ಸ್ವಲ್ಪ ಕಾರಣ. ಪರ್ಸೆಂಟೈಲ್ ಮುಂದೆ 'ಶೇ.' ಸೇರಿಸಿ ನಾವೇ ಎಷ್ಟೋ ಸಲ ಅಚ್ಚು ಹಾಕಿದ್ದೇವೆ. 92.6 ಅಂದರೆ ಅವಳ ಪಾಳಿಯಲ್ಲಿ ಬರೆದ ನೂರು ಮಕ್ಕಳಲ್ಲಿ 92 ಚಿಲ್ಲರೆ ಮಕ್ಕಳ ಅಂಕ ಅವಳಷ್ಟೇ, ಇಲ್ಲವೇ ಅವಳಿಗಿಂತ ಕಡಿಮೆ. ಎಷ್ಟು ಉತ್ತರ ಸರಿ ಅನ್ನೋದನ್ನು ಅದು ಹೇಳುವುದೇ ಇಲ್ಲ.

ಗೆಳತಿಯ ಕಥೆಗೂ ಇಲ್ಲೇ ಉತ್ತರವಿದೆ. ಇಬ್ಬರೂ ಬೇರೆ ಬೇರೆ ಪಾಳಿಯಲ್ಲಿ ಬರೆದಿರಬೇಕು, ಅಲ್ವಾ? ಈ ಪರೀಕ್ಷೆ ಹಲವು ದಿನ, ದಿನಕ್ಕೆ ಎರಡು ಪಾಳಿ ನಡೆಯುತ್ತದೆ. ಪ್ರಶ್ನೆಪತ್ರಿಕೆಯೂ ಬೇರೆ. ಒಂದು ಗುಂಪು ಕೆಸರುಗದ್ದೆಯಲ್ಲಿ ಓಡಿತು, ಇನ್ನೊಂದು ಒಣ ಮೈದಾನದಲ್ಲಿ ಓಡಿತು ಅಂದುಕೊಳ್ಳಿ. ಯಾರು ಎಷ್ಟು ನಿಮಿಷದಲ್ಲಿ ಮುಟ್ಟಿದರು ಅಂತ ಹೋಲಿಸಿದರೆ ಅನ್ಯಾಯ. ಅವರವರ ಗುಂಪಿನಲ್ಲಿ ಎಷ್ಟನೆಯವರು ಅಂತ ನೋಡಬಹುದು. ನಿಮ್ಮ ಮಗಳಿಗೆ ಕೆಸರು ಸಿಕ್ಕಿತ್ತು, ಅಷ್ಟೆ. ಅಂದಹಾಗೆ, ಮೂರು ವಿಷಯದ ಪರ್ಸೆಂಟೈಲ್ ಕೂಡಿಸಿ ಮೂರರಿಂದ ಭಾಗಿಸಬೇಡಿ. ಒಟ್ಟು ಪರ್ಸೆಂಟೈಲ್ ಹಾಗೆ ಬರುವುದಿಲ್ಲ, ಅದನ್ನು ಒಟ್ಟು ಅಂಕದ ಮೇಲೆ ಬೇರೆಯಾಗಿಯೇ ತೆಗೆಯುತ್ತಾರೆ.

ಈಗ ಸ್ವಲ್ಪ ಕಹಿ ಮಾತು. ಎರಡೂ ಸುತ್ತು ಸೇರಿ 14 ಲಕ್ಷ ಮಕ್ಕಳು ಬರೆದರು ಅಂತ ಇಟ್ಟುಕೊಳ್ಳಿ. 92.6 ಅಂದರೆ ಅವಳ ಮುಂದೆ ಹತ್ತಿರ ಹತ್ತಿರ ಒಂದು ಲಕ್ಷ ಮಕ್ಕಳಿದ್ದಾರೆ. ಒಂದೇ ಒಂದು ಪರ್ಸೆಂಟೈಲ್ ಮೇಲೆ ಹೋದರೆ 14,000 ಮಂದಿಯನ್ನು ದಾಟಿದ ಹಾಗೆ. ಐಐಟಿ ಬಾಗಿಲಾದ ಅಡ್ವಾನ್ಸ್ಡ್ ಬರೆಯಲು 2025ರಲ್ಲಿ ಸಾಮಾನ್ಯ ವರ್ಗಕ್ಕೆ 93.1 ಬೇಕಿತ್ತು, ಒಬಿಸಿಗೆ 80ರ ಆಸುಪಾಸು ಸಾಕಿತ್ತು. ನಿಮ್ಮ ವರ್ಗ ಯಾವುದು ಅಂತ ಬರೆದಿಲ್ಲ. ಅದರ ಮೇಲೆ ಲೆಕ್ಕವೇ ಬದಲಾಗುತ್ತದೆ.

ಏಪ್ರಿಲ್‌ನಲ್ಲಿ ಬರೆಯಲಿ. ಎರಡರಲ್ಲಿ ಯಾವುದು ಜಾಸ್ತಿಯೋ ಅದೇ ಉಳಿಯುತ್ತದೆ, ಕಳೆದುಕೊಳ್ಳುವುದು ಏನೂ ಇಲ್ಲ. ಆದರೆ ಅದಕ್ಕಾಗಿ ಪಿಯುಸಿ ಪುಸ್ತಕ ಮುಚ್ಚಿಡಬೇಡಿ. ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಒಬ್ಬಳಿಗೆ ಸಿಇಟಿಯಲ್ಲಿ 180ಕ್ಕೆ 90, ಪಿಯುಸಿಯ ಆ ಮೂರು ವಿಷಯದಲ್ಲಿ 300ಕ್ಕೆ 270 ಬಂತು ಅನ್ನಿ. ಶೇ. 50 ಮತ್ತು ಶೇ. 90, ಸರಾಸರಿ 70. ಇನ್ನೊಬ್ಬಳಿಗೆ ಸಿಇಟಿಯಲ್ಲಿ 108, ಪಿಯುಸಿಯಲ್ಲಿ 240. ಅವಳದ್ದೂ 70. ಸಿಇಟಿಯಲ್ಲಿ 18 ಅಂಕ ಹಿಂದೆ ಬಿದ್ದವಳನ್ನು ಪಿಯುಸಿ ಎತ್ತಿ ನಿಲ್ಲಿಸಿತು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡ ಅಂತ ಮಗಳಿಗೆ ಹೇಳಿ.

ಭಾವನವರಿಗೂ ಈ ಪುಟದ ಫೋಟೋ ತೆಗೆದು ಕಳಿಸಿ. ಬೇಜಾರು ಮಾಡಿಕೊಂಡರೆ, ತಪ್ಪು ಮೊದಲು ಪತ್ರಿಕೆಯವರದ್ದೇ ಅಂತ ಹೇಳಿಬಿಡಿ.

– ಸಂ.