ಅಮ್ಮನ ಕಣ್ಣಿನ ಹಳದಿ

ಪ್ರಶ್ನೆ: ನೀವು ಬಿಡಿಸುವ ಚಿತ್ರಗಳಲ್ಲಿ ಕಿಟಕಿಯ ಬಿಳಿ ಪರದೆ ಕೂಡ ಹಳದಿಯಾಗೇ ಇರುತ್ತದಲ್ವಾ, ಯಾಕೆ?

ಉತ್ತರ: ಅದು ನನ್ನ ಅಮ್ಮ ಕಂಡ ಬಣ್ಣ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ಬಂದ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ಚಿತ್ರಕಾರ ಮೋನೆ ಕೂಡ ಇದರಿಂದ ನರಳಿ 1923ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು.

ಅಮ್ಮನಿಗೆ ಮೊದಲು ಒಂದೇ ಕಣ್ಣಿನ ಆಪರೇಷನ್ ಆಯಿತು. ಕಿಟಕಿ ಪಕ್ಕ ಕೂತು ಒಂದೊಂದೇ ಕಣ್ಣು ಮುಚ್ಚಿ ಬಿಳಿ ಪರದೆಯನ್ನು ನೋಡಿದರು. "ಈ ಕಣ್ಣಿಗೆ ಬಿಳಿ, ಆ ಕಣ್ಣಿಗೆ ಹಳದಿ ಕಣೋ!" ಅಂದರು. ನಾನು ಬಿಳಿ ಬಣ್ಣಕ್ಕೆ ಓಕರ್ ಅನ್ನೋ ಮಣ್ಣಿನ ಹಳದಿ ಬೆರೆಸುತ್ತಾ ಹೋದೆ. ಹೊಸ ಕಣ್ಣಲ್ಲಿ ನೋಡಿ, ಹಳೇ ಕಣ್ಣಿಗೆ ಪರದೆ ಕಾಣೋ ಬಣ್ಣ ಯಾವುದೆಂದು ಅವರೇ ಆರಿಸಿದರು. ಎಷ್ಟೋ ಸಲ "ಇನ್ನೂ ಸ್ವಲ್ಪ" ಅಂದಿದ್ದರು. ಈಗ ಅಮ್ಮ ಇಲ್ಲ. ಆ ಬಣ್ಣ ಹಚ್ಚಿದ ಕಾಗದದ ತುಂಡು ಇವತ್ತಿಗೂ ನನ್ನ ಕುಂಚಗಳ ಡಬ್ಬಿಯಲ್ಲಿದೆ.