ಮಂಡಕ್ಕಿ ಭಟ್ಟಿಯ ಹೊಗೆ, ಮಗನ ನೆಗಡಿ

ಪ್ರಶ್ನೆ: ನಮ್ಮ ಮನೆ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರ ಇದೆ. ಮಗನಿಗೆ ಆರು ವರ್ಷ. ತಿಂಗಳಿಗೆ ಎರಡು ಸಲ ನೆಗಡಿ, ಕೆಮ್ಮು, ರಾತ್ರಿ ಎದೆಯಲ್ಲಿ ಗೊರಗೊರ. ಬೆಳಗಿನ ಜಾವ ಭಟ್ಟಿ ಹೊತ್ತಿಸಿದರೆ ಹೊಗೆ ಸೀದಾ ಒಳಗೆ ಬರುತ್ತದೆ, ಕೆಲವು ದಿನ ಟೈರ್ ಸುಟ್ಟ ವಾಸನೆ. ಮಗನಿಗೆ ಇಮ್ಯುನಿಟಿ ಕಡಿಮೆ, ಟಾನಿಕ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಯಾವುದು ಒಳ್ಳೆಯದು?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ತಾಯಿ, ಟಾನಿಕ್ ದುಡ್ಡು ಉಳಿಸಿ. ಆ ದುಡ್ಡಲ್ಲಿ ಮಗನಿಗೆ ಮೊಟ್ಟೆ, ಕಾಳು, ಹಣ್ಣು ಕೊಡಿ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಮಾಮೂಲು. ನಿಮ್ಮ ಮಗನಿಗೆ ಅದಕ್ಕಿಂತ ಜಾಸ್ತಿ ಬರುತ್ತಿದೆ, ಅದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇರಬಹುದು.

ಸಂಜೆ ಮಗನ ಮೂಗನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಕಪ್ಪು ಕಂಡರೆ ಹೆದರಬೇಡಿ, ಅಷ್ಟು ಮಸಿಯನ್ನು ಮೂಗು ತಡೆದಿದೆ ಅಂತ ಅರ್ಥ. ಕಷ್ಟ ಇರುವುದು ಬಟ್ಟೆಯಲ್ಲಿ ಕಾಣದ ಸಣ್ಣ ಕಣಗಳಿಂದ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ, ಹೊಗೆಯ ಸಣ್ಣ ಕಣ 2.5 ಮೈಕ್ರಾನ್‌ಗಿಂತ ಕಡಿಮೆ. ಅದು ಮೂಗು, ಗಂಟಲು ದಾಟಿ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಇಳಿಯುತ್ತದೆ. ಅಲ್ಲಿ ಮ್ಯಾಕ್ರೋಫೇಜ್ ಅನ್ನೋ ಜೀವಕೋಶಗಳಿವೆ. ಒಳಗೆ ಬಂದ ಕಸ, ಬ್ಯಾಕ್ಟೀರಿಯಾ ಎಲ್ಲವನ್ನೂ ನುಂಗಿ ಗುಡಿಸುವುದು ಇವುಗಳದೇ ಕೆಲಸ. ಬ್ಯಾಕ್ಟೀರಿಯಾವನ್ನು ನುಂಗಿದರೆ ಅರಗಿಸಿಕೊಳ್ಳುತ್ತವೆ, ಮಸಿಯನ್ನು ಅರಗಿಸಲು ಆಗುವುದಿಲ್ಲ, ಅದು ಆ ಕೋಶದೊಳಗೇ ಉಳಿಯುತ್ತದೆ. ದಿನಾ ಇದೇ ಆದರೆ ನಿಜವಾದ ರೋಗಾಣು ಬಂದಾಗ ನುಂಗುವ ಶಕ್ತಿಯೇ ಕುಂದಿರುತ್ತದೆ. 2022ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಅಂಗದಾನಿಗಳ ದೇಹದಲ್ಲಿ ಇದನ್ನೇ ಕಂಡರು. ವಯಸ್ಸಾದವರಲ್ಲಿ, ಸಿಗರೇಟು ಸೇದದವರಲ್ಲೂ, ಶ್ವಾಸಕೋಶದ ದುಗ್ಧರಸ ಗ್ರಂಥಿಗಳು (ರೋಗಾಣು ಸೋಸುವ ಸಣ್ಣ ಗಂಟುಗಳು, ಲಿಂಫ್ ನೋಡ್) ಮಸಿ ತುಂಬಿ ಕಪ್ಪಾಗಿದ್ದವು, ಮಸಿ ನುಂಗಿದ ಕೋಶಗಳು ಮಂಕಾಗಿದ್ದವು.

ಇನ್ನೊಂದು ತೊಂದರೆಯೂ ಇದೆ. ಹೊಗೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ, ಜೊತೆಗೆ ಅದನ್ನು ಸುಮ್ನೆ ಕೆರಳಿಸುತ್ತದೆ ಕೂಡ. ಧೂಳು, ಹೂವಿನ ಪರಾಗದಂಥ ಏನೂ ಮಾಡದ ವಸ್ತುವಿಗೂ ಮೈ ಸಿಟ್ಟಾಗುತ್ತದೆ. ಅಲರ್ಜಿ, ಉಬ್ಬಸ ಜಾಸ್ತಿ ಆಗುವುದು ಹೀಗೆ. ರಾತ್ರಿ ಗೊರಗೊರ ಅಂದಿರಲ್ವಾ, ಅದಕ್ಕೇ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಉಬ್ಬಸ ಇದೆ ಅಂತ ಇನ್‌ಹೇಲರ್ ಬರೆದರೆ ಕೊಡಿ, ಅದು ಚಟ ಆಗುವುದಿಲ್ಲ. ಎಷ್ಟೋ ತಾಯಂದಿರು ಈ ಹೆದರಿಕೆಯಿಂದಲೇ ಮಗುವನ್ನು ಸುಮ್ಮನೆ ಒದ್ದಾಡಿಸುತ್ತಾರೆ, ನೋಡಿ ಹೊಟ್ಟೆ ಉರಿಯುತ್ತದೆ.

ಚಳಿಗಾಲದ ಬೆಳಗಿನಲ್ಲಿ ತಣ್ಣನೆ ಗಾಳಿ ಕೆಳಗೇ ನಿಂತಿರುತ್ತದೆ, ಹೊಗೆ ಮೇಲೆ ಹೋಗದೆ ಬೀದಿಯಲ್ಲೇ ಹರಡುತ್ತದೆ. ಆ ಹೊತ್ತಲ್ಲಿ ಕಿಟಕಿ ಮುಚ್ಚಿ, ಬಿಸಿಲೇರಿದ ಮೇಲೆ ಎಲ್ಲ ತೆರೆಯಿರಿ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ನಾನದ ನೀರಿಗೆ ಸೌದೆ ಒಲೆ ಇದ್ದರೆ ಮಗನನ್ನು ಅದರ ಹತ್ತಿರ ಕೂರಿಸಬೇಡಿ. ಮನೆಯೊಳಗಿನ ಒಲೆ ಹೊಗೆಯಿಂದ ಐದು ವರ್ಷದೊಳಗಿನ ಮಕ್ಕಳಿಗೆ ನ್ಯುಮೋನಿಯಾ ಬರುವ ಅಪಾಯ ಹೆಚ್ಚು ಕಡಿಮೆ ಎರಡು ಪಟ್ಟಾಗುತ್ತದೆ. ನಿಮ್ಮ ಮಗನ ವಯಸ್ಸು ಸ್ವಲ್ಪ ದಾಟಿದೆ, ಆದರೂ ಹೊಗೆ ಹೊಗೆಯೇ. ಲಸಿಕೆ ಯಾವುದೂ ತಪ್ಪದಿರಲಿ.

ಟೈರಿನ ವಿಷಯ ಸುಮ್ಮನೆ ಬಿಡಬೇಡಿ. ಭಟ್ಟಿಯಲ್ಲಿ ಉರಿಸುವ ಭತ್ತದ ಹೊಟ್ಟಿನ ಹೊಗೆಯೂ ಕೆಟ್ಟದ್ದೇ, ಟೈರಿನ ಹೊಗೆ ಅದಕ್ಕಿಂತ ತುಂಬಾ ವಿಷ, ಅದರಲ್ಲಿ ಕ್ಯಾನ್ಸರ್ ತರುವ ಬೆಂಜೋಪೈರೀನ್ ಇರುತ್ತದೆ. ನಾಲ್ಕು ಮನೆಯವರು ಸೇರಿ ಭಟ್ಟಿಯವರ ಹತ್ತಿರವೇ ಹೋಗಿ ಮಾತಾಡಿ. ಬಾಣಲೆಯ ಬಿಸಿ ಮರಳಿನ ಮುಂದೆ ನಿಂತು ಮಂಡಕ್ಕಿ ಹುರಿಯುವವರು ಅವರೇ, ಮೊದಲ ಹೊಗೆ ಅವರ ಎದೆಗೇ ಹೋಗುತ್ತದೆ. ಕೇಳದಿದ್ದರೆ ಪಾಲಿಕೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ದಿನ, ಸಮಯ ಹಾಕಿ ಅರ್ಜಿ ಬರೆಯಿರಿ, ಫೋಟೋ ಇರಲಿ.

ಪ್ರಶ್ನೆ: ಊರು ಭೀಮಸಮುದ್ರದ ಕಡೆ. ಅಣ್ಣ ಅದಿರು ಗಣಿಯಲ್ಲಿ ಡ್ರಿಲ್ಲಿಂಗ್ ಕೆಲಸ ಮಾಡುತ್ತಿದ್ದ. ಎರಡು ವರ್ಷದ ಹಿಂದೆ ಟಿಬಿ ವಾಸಿಯಾಯಿತು, ಈಗ ಮತ್ತೆ ಕೆಮ್ಮು. ಧೂಳಿಗೂ ಟಿಬಿಗೂ ಸಂಬಂಧ ಇದೆಯಾ?
– ಒಬ್ಬ ಓದುಗ, ಚಿತ್ರದುರ್ಗ ಜಿಲ್ಲೆ

ಉತ್ತರ: ಇದೆ. ಕಲ್ಲು ಕೊರೆಯುವಾಗ ಏಳುವ ಧೂಳಲ್ಲಿ ಸಿಲಿಕಾ ಅನ್ನೋ, ಕಲ್ಲು ಮರಳಿನಲ್ಲಿರುವ ಖನಿಜ ಇರುತ್ತದೆ. ಮೇಲೆ ಹೇಳಿದ ನುಂಗುವ ಕೋಶಗಳನ್ನು ಅದು ಕೊಂದೇ ಬಿಡುತ್ತದೆ. ಟಿಬಿ ಬ್ಯಾಕ್ಟೀರಿಯಾವನ್ನು ಹಿಡಿದಿಡಬೇಕಾದ ಕೋಶಗಳೂ ಅವೇ. ಹಾಗಾಗಿ ಸಿಲಿಕಾ ಧೂಳು ಕುಡಿದವರಿಗೆ ಟಿಬಿ ಜಾಸ್ತಿ, ಕೆಲಸ ಬಿಟ್ಟು ವರ್ಷಗಳಾದರೂ ಅಪಾಯ ಹೋಗುವುದಿಲ್ಲ. ಕೆಮ್ಮು ಎರಡು ವಾರ ಆಗಲಿ ಅಂತ ಕಾಯಬೇಡಿ, ಈ ವಾರವೇ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆ, ಮಾತ್ರೆ ಎರಡೂ ಉಚಿತ. ಟಿಬಿ ಇದೆ ಅಂತಾದರೆ ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1000 ರೂಪಾಯಿ ಪೌಷ್ಟಿಕ ಆಹಾರದ ಸಹಾಯಧನ ಬ್ಯಾಂಕ್ ಖಾತೆಗೆ ಬರುತ್ತದೆ. ಗಣಿಯಲ್ಲಿ ಎಷ್ಟು ವರ್ಷ ಇದ್ದ, ಏನು ಕೆಲಸ ಅಂತ ಡಾಕ್ಟರಿಗೆ ಹೇಳಲೇಬೇಕು. ಸಿಲಿಕೋಸಿಸ್ (ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಇದೆಯಾ ಅಂತ ಎಕ್ಸ್‌ರೇ ನೋಡುವಾಗ ಆ ಮಾಹಿತಿ ಬೇಕು.

ಪ್ರಶ್ನೆ: ಧೂಳಲ್ಲಿ ಕೆಲಸ ಮಾಡಿ ಬಂದ ಮೇಲೆ ಬೆಲ್ಲ ತಿಂದರೆ ಎದೆಯ ಧೂಳು ಇಳಿಯುತ್ತದಾ?
– ಒಬ್ಬ ಕಾರ್ಮಿಕ, ಹರಿಹರ

ಉತ್ತರ: ಇಳಿಯುವುದಿಲ್ಲ. ಬೆಲ್ಲ ಹೋಗುವುದು ಅನ್ನನಾಳಕ್ಕೆ, ಧೂಳು ಹೋಗಿರುವುದು ಶ್ವಾಸನಾಳಕ್ಕೆ. ಹಸಿವಾದರೆ ತಿನ್ನಿ, ಅದು ಬೇರೆ ಮಾತು. ಕೆಲಸದ ಹೊತ್ತಲ್ಲಿ ಎನ್95 ಮಾಸ್ಕ್ ಮೂಗಿಗೆ ಬಿಗಿಯಾಗಿ ಕೂರಲಿ. ಟವೆಲ್ ಕಟ್ಟಿಕೊಂಡರೆ ದಪ್ಪ ಧೂಳು ತಡೆಯುತ್ತದೆ, ಸಣ್ಣದು ನುಸುಳುತ್ತದೆ. ಮನೆಗೆ ಹೋದವರೇ ಮಕ್ಕಳನ್ನು ಎತ್ತಿಕೊಳ್ಳುವ ಮುಂಚೆ ಆ ಅಂಗಿ ಬದಲಿಸಿ.